ಮುರುಗಲು ಬಾಟಲಿಯ ಮೇಲಿನ ಒಂದು ಪದ

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವಾಗ ದಾರಿ ಬದಿಯ ಅಂಗಡಿಯಲ್ಲಿ ಒಂದು ಸಲ ನಿಂತು ನೋಡಿ. ಮುರುಗಲು (ಪುನರ್ಪುಳಿ, ಕೋಕಂ) ಸಿರಪ್, ಉಪ್ಪಾಗೆ ಎಂಬ ಹುಳಿ ಹಣ್ಣಿನ ಸಿಪ್ಪೆ, ಒಣಗಿಸಿದ ಬೆಟ್ಟದ ನೆಲ್ಲಿ, ಒಂದೆಲಗದ ಪುಡಿ, ಅಮೃತಬಳ್ಳಿಯ ಕಡ್ಡಿ. ಎಲ್ಲ ನಮ್ಮ ಹಿತ್ತಿಲಲ್ಲೋ ಬೆಟ್ಟದಲ್ಲೋ ಬೆಳೆಯುವಂಥವೇ. ಮೊದಲು ಇವುಗಳ ಮೇಲೆ ಚೀಟಿಯೇ ಇರುತ್ತಿರಲಿಲ್ಲ. ‘ಪಿತ್ತಕ್ಕೆ ಒಳ್ಳೇದು’, ‘ಬಾಯಿಹುಣ್ಣಿಗೆ ಆಗ್ತದೆ’ ಅಂತ ಅಂಗಡಿಯವರು ಬಾಯಲ್ಲೇ ಹೇಳುತ್ತಿದ್ದರು. ಈಗ ಚೀಟಿ ಬಂದಿದೆ. ಅದರಲ್ಲಿ ಒಂದು ಪದ ಹೆಚ್ಚುಕಡಿಮೆ ಇದ್ದೇ ಇರುತ್ತದೆ: ಆ್ಯಂಟಿ ಆಕ್ಸಿಡೆಂಟ್. ಕೆಲವದರಲ್ಲಿ ಆ ಪದದ ಕೆಳಗೆ ಕಾಯಿಲೆಗಳ ಸಾಲೂ ಇರುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ಕ್ಯಾನ್ಸರ್.

ಈ ಪದದ ಬಗ್ಗೆ ಬರೆಯಲು ನನಗೆ ಮನೆಯದೇ ಕಾರಣ ಇದೆ. ಸಿದ್ದಾಪುರ ಕಡೆಯ ನಮ್ಮ ದೊಡ್ಡಪ್ಪನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ಮಳೆಗಾಲ ಮಾತ್ರೆ ಬಿಟ್ಟು ಏಕನಾಯಕ ಎಂಬ ಕಾಡುಬಳ್ಳಿಯ ಬೇರಿನ ಕಷಾಯ ಹಿಡಿದರು. ಯಾರೋ ಫೋನಿಗೆ ವಿಡಿಯೊ ಕಳಿಸಿದ್ದರು. ನಾನು ಕೇಳಿದಾಗ ಹೇಳಿದ್ದು ಇಷ್ಟೇ: “ಇದ್ರಲ್ಲಿ ಆ್ಯಂಟಿ ಆಕ್ಸಿಡೆಂಟ್ ಇದ್ದಡ ತಮಾ. ಮಾತ್ರೆಕಿಂತ ಚೊಲೋ ಅಡ.” ತೋಟದಲ್ಲಿ ಕಾಲಿಗೆ ಆದ ಸಣ್ಣ ಗಾಯ ಒಂದೂವರೆ ತಿಂಗಳಾದರೂ ಮಾಯಲಿಲ್ಲ. ಒಂದು ರಾತ್ರಿ ಚಳಿಜ್ವರ ಬಂತು. ಮಳೆಯಲ್ಲೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಸಕ್ಕರೆ 400 ದಾಟಿತ್ತು. ಎಡಗಾಲಿನ ಎರಡು ಬೆರಳು ಹೋದವು.

ಬೇರಿನ ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಬೇರಿಗೆ ನಿಜವಾದ ಗುಣವೇ ಇದೆ, ಮುಂದೆ ಹೇಳುತ್ತೇನೆ. ಆ ಒಂದು ಪದ ಕೇಳಿದ ಕೂಡಲೇ ಅದನ್ನು ‘ಔಷಧಿ’ ಎಂದು ಓದಿಕೊಂಡೆವಲ್ಲ, ತಪ್ಪಿದ್ದು ಅಲ್ಲಿ.

ಮೊದಲು ಪದದ ಅರ್ಥ ನೋಡೋಣ. ಬಾಳೆಕಾಯಿ ಹೆಚ್ಚಿ ಹಾಗೇ ಇಟ್ಟರೆ ಐದೇ ನಿಮಿಷಕ್ಕೆ ಕಪ್ಪಾಗುತ್ತದೆ. ಅದಕ್ಕೇ ಅಮ್ಮ ಹೆಚ್ಚುತ್ತಾ ಹೆಚ್ಚುತ್ತಾ ಹೋಳನ್ನು ಮಜ್ಜಿಗೆ ನೀರಿಗೆ ಹಾಕುತ್ತಾಳೆ. ಕಾರವಾರದಲ್ಲಿ ಕಡಲ ಹತ್ತಿರ ಮನೆ ಇರುವವರನ್ನು ಕೇಳಿ, ಕಿಟಕಿ ಸರಳಿಗೆ ಎಷ್ಟು ಬಣ್ಣ ಬಳಿದರೂ ತುಕ್ಕು ತಪ್ಪುವುದಿಲ್ಲ. ಕೊಬ್ಬರಿ ಎಣ್ಣೆ ಹಳತಾದರೆ ಕಮಟು ವಾಸನೆ ಬರುತ್ತದೆ. ಇವೆಲ್ಲದರ ಹಿಂದೆ ಆಮ್ಲಜನಕದ ಕೈವಾಡ ಇದೆ. ನಮ್ಮ ಮೈಯೊಳಗೂ ಇಂಥದ್ದು ನಡೆಯುತ್ತದೆ. ಜೀವಕೋಶಗಳು ಆಮ್ಲಜನಕ ಬಳಸಿ ಶಕ್ತಿ ಮಾಡಿಕೊಳ್ಳುವಾಗ ಒಂದಷ್ಟು ಪುಂಡ ಕಣಗಳು ಹುಟ್ಟುತ್ತವೆ. ಫ್ರೀ ರ‍್ಯಾಡಿಕಲ್ ಅಂತ ಹೆಸರು. ಅವಕ್ಕೆ ಒಂದು ಎಲೆಕ್ಟ್ರಾನ್ ಕಡಿಮೆ. ಪಕ್ಕದಲ್ಲಿ ಯಾರಿದ್ದರೂ ಸರಿ, ಕಿತ್ತುಕೊಳ್ಳುತ್ತವೆ. ಕೊಬ್ಬು, ಪ್ರೋಟೀನ್, ಡಿಎನ್‌ಎ, ಯಾವುದನ್ನೂ ಬಿಡುವುದಿಲ್ಲ. ತನ್ನದೇ ಎಲೆಕ್ಟ್ರಾನ್ ಕೊಟ್ಟು ಇವನ್ನು ಸುಮ್ಮನಾಗಿಸುವ ವಸ್ತುವೇ ಆ್ಯಂಟಿ ಆಕ್ಸಿಡೆಂಟ್. ಮನುಷ್ಯ ಮುದುಕನಾಗುವುದಕ್ಕೂ ಈ ಪುಂಡ ಕಣಗಳೇ ಕಾರಣ ಎಂದು ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ವಾದ ಮಂಡಿಸಿದರು. ಕಣಗಳೇ ಕಾರಣ ಆದರೆ ಅವನ್ನು ತಡೆಯುವ ವಸ್ತು ತಿಂದರೆ ಆಯಿತಲ್ಲ? ಲೆಕ್ಕ ಎಷ್ಟು ಸುಲಭ ಅನ್ನಿಸುತ್ತದೆ, ಅಲ್ವಾ?

ಇಂಥ ವಸ್ತು ಗಿಡಗಳಲ್ಲಿ ಜಾಸ್ತಿ. ಅದಕ್ಕೂ ಕಾರಣ ಇದೆ. ಬಿಸಿಲು ಸುಟ್ಟರೂ ಹುಳ ಕಡಿದರೂ ಗಿಡ ಎದ್ದು ಓಡುವ ಹಾಗಿಲ್ಲ. ನಿಂತಲ್ಲೇ ನಿಂತು ತನ್ನನ್ನು ಕಾಪಾಡಿಕೊಳ್ಳಬೇಕು. ಅದಕ್ಕೆ ಬೇಕಾದ ರಾಸಾಯನಿಕಗಳನ್ನು ಅದು ತಾನೇ ತಯಾರಿಸಿಕೊಳ್ಳುತ್ತದೆ. ಮುರುಗಲು ಹಣ್ಣಿನ ಆ ಕಡುಕೆಂಪು ಬಣ್ಣ ಆಂಥೋಸಯನಿನ್ ಎಂಬ ವಸ್ತುವಿನದು. ಸಿಪ್ಪೆಯಲ್ಲಿ ಗಾರ್ಸಿನಾಲ್ ಅಂತ ಇನ್ನೊಂದಿದೆ. ನೆಲ್ಲಿಕಾಯಿಯಲ್ಲಿ ಸಿ ವಿಟಮಿನ್ ಮತ್ತು ಒಗರು ಕೊಡುವ ಟ್ಯಾನಿನ್. ಅರಿಶಿನದಲ್ಲಿ ಕುರ್ಕುಮಿನ್. ಇಷ್ಟರ ಮಟ್ಟಿಗೆ ಚೀಟಿ ಸುಳ್ಳು ಹೇಳುತ್ತಿಲ್ಲ.

ಈ ಗುಣವನ್ನು ಅಳೆಯುವ ಪರೀಕ್ಷೆಯೊಂದು ನೋಡಲು ಚಂದ. ಡಿಪಿಪಿಎಚ್ ಎಂಬ ಪುಡಿಯನ್ನು ಮೆಥನಾಲಿನಲ್ಲಿ ಕರಗಿಸುತ್ತಾರೆ. ನೇರಳೆ ಹಣ್ಣು ಕಿವುಚಿದ ನೀರಿನಂಥ ಗಾಢ ಬಣ್ಣ. ಅದಕ್ಕೆ ಮುರುಗಲು ಸಿಪ್ಪೆಯ ಸಾರವನ್ನು ಅಳತೆ ಮಾಡಿ ಬಿಟ್ಟು ಅರ್ಧ ಗಂಟೆ ಕತ್ತಲಲ್ಲಿ ಇಡುತ್ತಾರೆ. ನೇರಳೆ ಬಣ್ಣ ಇಳಿದು ತಿಳಿ ಹಳದಿಯಾಗುತ್ತದೆ. ಎಷ್ಟು ಇಳಿಯಿತು ಎಂದು 517 ನ್ಯಾನೋಮೀಟರ್ ಬೆಳಕಿನಲ್ಲಿ ಯಂತ್ರ ಓದುತ್ತದೆ. ಮುಗಿಯಿತು. ಖರ್ಚು ಕಡಿಮೆ, ಒಂದು ಮಧ್ಯಾಹ್ನದ ಕೆಲಸ. ಹಾಗಾಗಿ ದೇಶದ ಎಷ್ಟೋ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ತಮ್ಮೂರಿನ ಗಿಡ ತಂದು ಈ ಪರೀಕ್ಷೆ ಮಾಡುತ್ತಾರೆ. ಆ ಹುಡುಗರ ಶ್ರಮದ ಬಗ್ಗೆ ನನಗೆ ಗೌರವ ಇದೆ. ಅವರು ಕಂಡದ್ದನ್ನೇ ಬರೆಯುತ್ತಾರೆ. ಆದರೆ ‘ಸಾರಕ್ಕೆ ಆ್ಯಂಟಿ ಆಕ್ಸಿಡೆಂಟ್ ಗುಣ ಕಂಡುಬಂದಿದೆ’ ಎಂಬ ಸಾಲು ಕಾಲೇಜಿನ ಗೇಟು ದಾಟಿ ವಾಟ್ಸ್ಆ್ಯಪ್‌ಗೆ ಬರುವಷ್ಟರಲ್ಲಿ ‘ಕ್ಯಾನ್ಸರ್ ವಾಸಿಯಾಗುತ್ತದೆ’ ಎಂದಾಗಿರುತ್ತದೆ.

ಆ ಗಾಜಿನ ನಳಿಕೆಯಲ್ಲಿ ಏನಿಲ್ಲ ಎಂದು ಯೋಚಿಸಿ. ಹೊಟ್ಟೆ ಇಲ್ಲ, ಕರುಳಿಲ್ಲ, ಲಿವರ್ ಇಲ್ಲ, ರಕ್ತ ಇಲ್ಲ. ಅಷ್ಟೇ ಅಲ್ಲ, ಡಿಪಿಪಿಎಚ್ ಎಂಬ ಆ ನೇರಳೆ ಕಣ ನಮ್ಮ ದೇಹದಲ್ಲಿ ಇಲ್ಲವೇ ಇಲ್ಲ. ಅದು ಲ್ಯಾಬಿನಲ್ಲಿ ಮಾಡಿದ್ದು. ಚಹಾಸೊಪ್ಪು ಹಾಕಿದರೂ ಅದರ ಬಣ್ಣ ಇಳಿಯುತ್ತದೆ, ಮಾವಿನ ಎಲೆ ಹಾಕಿದರೂ ಇಳಿಯುತ್ತದೆ.

ಹೊಟ್ಟೆಗೆ ಹೋದ ಮೇಲಿನ ಕಥೆಯೇ ಬೇರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜನರಿಗೆ 2 ಗ್ರಾಂ ಶುದ್ಧ ಕುರ್ಕುಮಿನ್ ಕೊಟ್ಟು ರಕ್ತ ನೋಡಿದರೆ ಅದರ ಸುಳಿವೇ ಹೆಚ್ಚುಕಡಿಮೆ ಸಿಗಲಿಲ್ಲ. ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಜೊತೆಗೆ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಏರಿತು. ಈಗ ಅರಿಶಿನ-ಮೆಣಸಿನ ಮಾತ್ರೆ ಮಾರುವವರೆಲ್ಲ ಈ ಸಂಖ್ಯೆ ಹೇಳುತ್ತಾರೆ. ಹೇಳದೇ ಬಿಡುವ ಮಾತು ಇನ್ನೊಂದಿದೆ. ಕುರ್ಕುಮಿನ್ ಅನ್ನು ಲಿವರ್ ಹೊರಹಾಕದಂತೆ ತಡೆಯುವ ಪೈಪರಿನ್ ಬೇರೆ ಮಾತ್ರೆಗಳನ್ನೂ ಹಾಗೇ ತಡೆಯಬಲ್ಲದು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮಟ್ಟ ರಕ್ತದಲ್ಲಿ ಹೀಗೆ ಏರುವುದು ಗೊತ್ತಿರುವ ಸಂಗತಿ. ಸಾರಿಗೆ ಹಾಕುವ ನಾಲ್ಕು ಕಾಳುಮೆಣಸಿಗೆ ಹೆದರಬೇಕಿಲ್ಲ. ನಾನು ಹೇಳುತ್ತಿರುವುದು ಸಾರ ತೆಗೆದು ಗಟ್ಟಿ ಮಾಡಿದ ಮಾತ್ರೆಯ ವಿಷಯ.

ಅಮೆರಿಕದ ಕೃಷಿ ಇಲಾಖೆ ಒಂದು ಕಾಲದಲ್ಲಿ ಯಾವ ಹಣ್ಣಿನಲ್ಲಿ ಎಷ್ಟು ಆ್ಯಂಟಿ ಆಕ್ಸಿಡೆಂಟ್ ಶಕ್ತಿ ಇದೆ ಎಂಬ ಪಟ್ಟಿಯನ್ನು ಇಂಟರ್ನೆಟ್ಟಿನಲ್ಲಿ ಇಟ್ಟಿತ್ತು. ಓರಾಕ್ ಪಟ್ಟಿ ಎಂದು ಹೆಸರು. 2012ರಲ್ಲಿ ಅದನ್ನು ತೆಗೆದುಹಾಕಿತು. ಕೊಟ್ಟ ಕಾರಣ ಸ್ಪಷ್ಟವಾಗಿತ್ತು. ನಳಿಕೆಯ ಅಂಕಿಗೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ಕಾಣುತ್ತಿಲ್ಲ, ಕಂಪನಿಗಳು ಮಾತ್ರ ಈ ಅಂಕಿಯನ್ನು ಜಾಹೀರಾತಿಗೆ ಬಳಸಿಕೊಳ್ಳುತ್ತಿವೆ ಎಂದು. ನಮ್ಮ ಘಟ್ಟದ ಅಂಗಡಿಗಳಲ್ಲಿ ಮಾತ್ರ ಆ ಲೆಕ್ಕ ಇನ್ನೂ ಜೀವಂತ ಇದೆ.

ಮನುಷ್ಯರ ಮೇಲೆ ಪರೀಕ್ಷೆ ಆಗಿಲ್ಲವೇ ಎಂದರೆ, ಆಗಿದೆ. ದೊಡ್ಡ ಪ್ರಮಾಣದಲ್ಲೇ ಆಗಿದೆ. ಫಿನ್ಲೆಂಡಿನಲ್ಲಿ ಬೀಡಿ-ಸಿಗರೇಟು ಬಿಡದ 29,133 ಗಂಡಸರಿಗೆ ಐದರಿಂದ ಎಂಟು ವರ್ಷ ಗುಂಪು ಗುಂಪಾಗಿ ಬೀಟಾ ಕೆರೋಟಿನ್, ಇ ವಿಟಮಿನ್ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದರು. ಮೊದಲಿನ ಎರಡೂ ಹೆಸರಾಂತ ಆ್ಯಂಟಿ ಆಕ್ಸಿಡೆಂಟ್‌ಗಳು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಬೇಕಿತ್ತು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕೆರೋಟಿನ್ ತಿಂದವರಲ್ಲಿ ಆ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿ ಇತ್ತು. ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ಜನರ ಮೇಲೆ ನಡೆಯುತ್ತಿದ್ದ ಅಂಥದ್ದೇ ಪರೀಕ್ಷೆಯನ್ನು 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ಅಲ್ಲಿ ಶೇ 28 ಜಾಸ್ತಿ. ಇ ವಿಟಮಿನ್ ಮಾತ್ರೆ ತಿಂದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿದ್ದು 2011ರಲ್ಲಿ ಗೊತ್ತಾಯಿತು.

ಯಾಕೆ ಹೀಗಾಯಿತು? ಪುಂಡ ಕಣಗಳು ಬರೀ ಪುಂಡರಲ್ಲ. ರೋಗಾಣು ಒಳಗೆ ಬಂದಾಗ ನಮ್ಮ ಬಿಳಿ ರಕ್ತಕಣಗಳು ಅದನ್ನು ಕೊಲ್ಲಲು ಬಳಸುವ ಆಯುಧ ಇವೇ. ಒಂದು ಜೀವಕೋಶ ತನ್ನೊಳಗೇ ಸುದ್ದಿ ಕಳಿಸಲು ಇವುಗಳದೇ ಚೂರುಪಾರು ಬೇಕು. ನಾವು ತೋಟದಲ್ಲಿ ಮೈಮುರಿದು ದುಡಿದಾಗ ಸ್ನಾಯುವಿನಲ್ಲಿ ಇವು ಹುಟ್ಟುತ್ತವೆ. ‘ಇನ್ನಷ್ಟು ಗಟ್ಟಿಯಾಗು’ ಎಂಬ ಸೂಚನೆ ದೇಹಕ್ಕೆ ಹೋಗುವುದೇ ಇವುಗಳಿಂದ. 2009ರ ಒಂದು ಜರ್ಮನ್ ಅಧ್ಯಯನದಲ್ಲಿ ದಿನಾ 1,000 ಮಿಲಿಗ್ರಾಂ ಸಿ ವಿಟಮಿನ್ ಮತ್ತು 400 ಯೂನಿಟ್ ಇ ವಿಟಮಿನ್ ನುಂಗಿ ವ್ಯಾಯಾಮ ಮಾಡಿದವರಿಗೆ, ಇನ್ಸುಲಿನ್ ಇನ್ನೂ ಚೆನ್ನಾಗಿ ಕೆಲಸ ಮಾಡುವಂತಾಗುವ ವ್ಯಾಯಾಮದ ಲಾಭವೇ ಸಿಗಲಿಲ್ಲ. ಒಲೆಯ ಬೆಂಕಿ ಮನೆ ಸುಡಬಾರದು, ನಿಜ. ಹಾಗಂತ ಒಲೆಗೇ ನೀರು ಸುರಿದರೆ ಅನ್ನ ಬೇಯುವುದು ಹೇಗೆ?

ಈಗ ನಮ್ಮೂರಿನ ಮಾತಿಗೆ ಬರುತ್ತೇನೆ. ಇದನ್ನು ಬರೆಯಲು ಮನಸ್ಸಿಗೆ ಕಷ್ಟ ಆಗುತ್ತದೆ, ಯಾಕೆಂದರೆ ನಮ್ಮದೂ ಅಡಿಕೆ ತೋಟವೇ, ನಾನು ಓದಿದ್ದು ಆ ದುಡ್ಡಲ್ಲೇ. ಅಡಿಕೆಯನ್ನು ನಳಿಕೆಯ ಪರೀಕ್ಷೆಗೆ ಹಾಕಿದರೆ ಅದು ಭರ್ಜರಿ ಆ್ಯಂಟಿ ಆಕ್ಸಿಡೆಂಟ್. ಅಡಿಕೆಯ ಒಗರಿದೆಯಲ್ಲ, ಅದು ಗಿಡದ ರಾಸಾಯನಿಕಗಳಾದ ಪಾಲಿಫಿನಾಲ್‌ಗಳದೇ. ನೇರಳೆ ಬಣ್ಣ ಸರ್ರನೆ ಇಳಿಯುತ್ತದೆ. ಅದೇ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು ಇಲ್ಲದಿದ್ದರೂ ಸಹ. ಬೆಳೆಗಾರರು ಇದನ್ನು ಒಪ್ಪಿಲ್ಲ, ವಾದ ನಡೆದೇ ಇದೆ. ಆದರೆ ಕವಳ (ಎಲೆ-ಅಡಿಕೆ) ಹಾಕಿ ಹಾಕಿ ಬಾಯಿ ಪೂರ್ತಿ ತೆರೆಯಲಾಗದವರು ನಮ್ಮ ಸೀಮೆಯಲ್ಲಿ ಇದ್ದಾರೆ, ಕಣ್ಣಾರೆ ಕಂಡಿದ್ದೇವೆ.

ಇಲ್ಲಿ ರಸಾಯನ ವಿಜ್ಞಾನ ಇನ್ನೂ ಒಂದು ಮಾತು ಹೇಳುತ್ತದೆ. ಅಡಿಕೆ ಜಗಿಯುವಾಗ ಸುಣ್ಣ ಸೇರುತ್ತದೆ. ಸುಣ್ಣದ ಕ್ಷಾರದಲ್ಲಿ ಅದೇ ಪಾಲಿಫಿನಾಲ್‌ಗಳು ಆಮ್ಲಜನಕದ ಜೊತೆ ಸೇರಿ ಪುಂಡ ಕಣಗಳನ್ನು ತಾವೇ ಹುಟ್ಟಿಸುತ್ತವೆ. ಕವಳ ಕೆಂಪಾಗುವಾಗ ಬಾಯೊಳಗೆ ನಡೆಯುವುದು ಇದೇ. ನಳಿಕೆಯಲ್ಲಿ ಬೆಂಕಿ ಆರಿಸಿದ ವಸ್ತು ಬಾಯಲ್ಲಿ ಬೆಂಕಿ ಹಚ್ಚುತ್ತದೆ. ಹಾಗಾದರೆ ‘ಆ್ಯಂಟಿ ಆಕ್ಸಿಡೆಂಟ್’ ಅನ್ನುವುದು ಒಂದು ವಸ್ತುವಿನ ಹುಟ್ಟುಗುಣ ಅಲ್ಲ. ಎಲ್ಲಿ, ಎಷ್ಟು, ಯಾವುದರ ಜೊತೆ ಎಂಬುದರ ಮೇಲೆ ಅದು ಬದಲಾಗುತ್ತದೆ. ನನ್ನ ವಾದದ ತಿರುಳು ಇದು.

ನಮ್ಮ ಹಿರಿಯರಿಗೆ ಈ ‘ಎಲ್ಲಿ, ಎಷ್ಟು, ಯಾವುದರ ಜೊತೆ’ ಚೆನ್ನಾಗಿ ಗೊತ್ತಿತ್ತು. ಹಾಲಕ್ಕಿ ಒಕ್ಕಲಿಗರಲ್ಲಿ ಮದ್ದು ಕೊಡುವ ಹಿರಿಯರು ಗಿಡದ ಹೆಸರು ಮಾತ್ರ ಹೇಳಿ ಕಳಿಸುವುದಿಲ್ಲ. ಬೇರೋ ತೊಗಟೆಯೋ, ಎಷ್ಟು ದಿನ, ಪಥ್ಯ ಏನು, ಬಸುರಿಗೆ ಕೊಡಬಹುದೋ ಬೇಡವೋ, ಎಲ್ಲ ಹೇಳುತ್ತಾರೆ. ಅಷ್ಟೂ ವಿವೇಕವನ್ನು ಅಳಿಸಿ ಒಂದು ಪದ ಬರೆದರೆ ಉಳಿಯುವುದು ಅಪಾಯ. ಬಿಂಬುಳಿಯನ್ನೇ ನೋಡಿ. ಕರಾವಳಿಯಲ್ಲಿ ಮೀನು ಸಾರಿಗೂ ಉಪ್ಪಿನಕಾಯಿಗೂ ಹಾಕುತ್ತಾರೆ, ಯಾರಿಗೂ ಏನೂ ಆಗಿಲ್ಲ. ಆದರೆ ಕೇರಳದಲ್ಲಿ ಕೊಲೆಸ್ಟರಾಲ್ ಇಳಿಯುತ್ತದೆ ಎಂದು ಬಿಂಬುಳಿ ರಸವನ್ನೇ ಕುಡಿದ 10 ಜನರ ಕಿಡ್ನಿ ಕೈಕೊಟ್ಟ ಪ್ರಕರಣಗಳು 2013ರಲ್ಲಿ ವರದಿಯಾದವು. ಕೆಲವರಿಗೆ ಡಯಾಲಿಸಿಸ್ ಬೇಕಾಯಿತು. ಕಾರಣ ಅದರೊಳಗಿನ ಆಕ್ಸಲೇಟ್. ಸಾರಿನಲ್ಲಿ ನಾಲ್ಕು ಕಾಯಿ ಇದ್ದಾಗ ಅದು ಹುಳಿ, ಲೋಟದ ತುಂಬ ಹಿಂಡಿದಾಗ ವಿಷ.

ಅಮೃತಬಳ್ಳಿಯದೂ ಹಾಗೇ. ಕೊರೊನಾ ಕಾಲದಲ್ಲಿ ಜನ ದಿನಾ ಕುದಿಸಿ ಕುಡಿದರು. 2021ರಲ್ಲಿ ಮುಂಬೈ ವೈದ್ಯರು ಅದನ್ನು ಕುಡಿದ ಆರು ಜನರಲ್ಲಿ ಲಿವರ್‌ಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಎಂದು ಆಯುಷ್ ಸಚಿವಾಲಯ ಹೇಳಿತು. ಆ ಮಾತಿನಲ್ಲೂ ನಮಗೆ ಪಾಠ ಇದೆ. ಪೇಟೆಯಲ್ಲಿ ಕೊಂಡ ಕಡ್ಡಿ ಯಾವ ಬಳ್ಳಿಯದು ಎಂದು ಗುರುತಿಸಲು ನಮ್ಮಲ್ಲಿ ಎಷ್ಟು ಜನರಿಗೆ ಬರುತ್ತದೆ?

ಇನ್ನು ಉಪ್ಪಾಗೆ. ಇದು ನಮ್ಮ ಕಾಡಿಗೇ ತಟ್ಟಿದ ಕಥೆ. ಉಪ್ಪಾಗೆ ಬೀಜದ ತುಪ್ಪವನ್ನು ಶಿರಸಿ-ಸಿದ್ದಾಪುರ ಕಡೆ ಮೊದಲಿನಿಂದ ಅಡುಗೆಗೆ ಬಳಸುತ್ತಿದ್ದರು. ಸಿಪ್ಪೆಯ ಹುಳಿಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಇಳಿಸುತ್ತದೆ ಎಂಬ ಸುದ್ದಿ ಹೊರದೇಶಗಳಲ್ಲಿ ಹಬ್ಬಿದ ಮೇಲೆ 1990ರ ದಶಕದಲ್ಲಿ ಸಿಪ್ಪೆಗೆ ಬೇಡಿಕೆ ಏರಿತು. ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲ, ಕಟ್ಟಿಗೆ ಬೆಂಕಿಯ ಮೇಲೇ ಒಣಗಿಸಬೇಕು. ಮರ ಹತ್ತಿ ಕಾಯಿ ಆಯುವ ತಾಳ್ಮೆ ಇಲ್ಲದವರು ಕೊಂಬೆಯನ್ನೇ ಕಡಿದರು. ಅತ್ತ 1998ರಲ್ಲಿ ಅಮೆರಿಕದ ವೈದ್ಯರು 135 ಜನರ ಮೇಲೆ 12 ವಾರ ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು. ಉಪ್ಪಾಗೆ ಸಾರ ತಿಂದವರಿಗೂ ಸುಮ್ನೆ ಹುಸಿ ಮಾತ್ರೆ ತಿಂದವರಿಗೂ ತೂಕದಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಆಮೇಲೆ ಈ ಸಾರದ ಮಾತ್ರೆ ತಿಂದವರ ಲಿವರ್ ಕೆಟ್ಟ ಪ್ರಕರಣಗಳೂ ಹೊರಬಂದವು. ಮಾರಾಟ ನಿಂತಿಲ್ಲ. ಚೀಟಿಯಲ್ಲಿ ಪದಗಳು ಇನ್ನೂ ಹೆಚ್ಚಿವೆ.

ಹಾಗಾದರೆ ನಮ್ಮ ಗಿಡಗಳಲ್ಲಿ ಔಷಧಿ ಇಲ್ಲವೇ? ಖಂಡಿತ ಇದೆ, ಮತ್ತು ಬಲವಾಗಿಯೇ ಇದೆ. ಅದನ್ನೇ ನಾನು ಒತ್ತಿ ಹೇಳಬೇಕು ಎಂದಿದ್ದು. ಪಶ್ಚಿಮ ಘಟ್ಟದಲ್ಲಿ ದುರ್ವಾಸನೆ ಮರ ಅಂತ ಒಂದು ಚಿಕ್ಕ ಮರ ಇದೆ. ಅದರಲ್ಲಿ ಕ್ಯಾಂಪ್ಟೋಥೆಸಿನ್ ಇದೆ. ಮೊದಲು ಅದನ್ನು 1966ರಲ್ಲಿ ಚೀನಾದ ಒಂದು ಮರದಲ್ಲಿ ಕಂಡುಹಿಡಿದವರು ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ. ನಮ್ಮ ಮರದಲ್ಲಿ ಅದು ಸಿಕ್ಕಿದ್ದು 1972ರಲ್ಲಿ. ಅದರಿಂದ ತಯಾರಾದ ಟೊಪೊಟೆಕಾನ್, ಇರಿನೊಟೆಕಾನ್ ಇವತ್ತು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ನಿಜವಾಗಿ ಕೊಡುವ ಔಷಧಿಗಳು. ಅವು ಕೆಲಸ ಮಾಡುವುದು ಡಿಎನ್‌ಎ ಸುತ್ತು ಬಿಚ್ಚುವ ಒಂದು ಕಿಣ್ವವನ್ನು ತಡೆದು. ಆ್ಯಂಟಿ ಆಕ್ಸಿಡೆಂಟ್ ಆಗಿ ಅಲ್ಲ. ಮಲೇರಿಯಾಕ್ಕೆ ಕೊಡುವ ಆರ್ಟೆಮಿಸಿನಿನ್ ಕೂಡ ಗಿಡದ್ದೇ. ಅದನ್ನು ಕಂಡುಹಿಡಿದ ಚೀನಾದ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಬಂತು. ಅದು ಪರೋಪಜೀವಿಯೊಳಗಿನ ಕಬ್ಬಿಣದ ಜೊತೆ ಸೇರಿ ಪುಂಡ ಕಣಗಳನ್ನು ಹುಟ್ಟಿಸಿಯೇ ಅದನ್ನು ಕೊಲ್ಲುತ್ತದೆ. ಪೂರ್ತಿ ಉಲ್ಟಾ ದಾರಿ.

ದೊಡ್ಡಪ್ಪನ ಏಕನಾಯಕನ ಬೇರೂ ಹೀಗೇ. ಅದರಲ್ಲಿ ಸಲಾಸಿನಾಲ್ ಎಂಬ ವಸ್ತು ಇದೆ. ಕರುಳಿನಲ್ಲಿ ಪಿಷ್ಟ ಒಡೆದು ಸಕ್ಕರೆಯಾಗುವ ಕೆಲಸವನ್ನು ಅದು ನಿಧಾನ ಮಾಡುತ್ತದೆ. ಊಟ ಆದ ಮೇಲೆ ಸಕ್ಕರೆ ದಿಢೀರನೆ ಏರುವುದಿಲ್ಲ. ಅಕಾರ್ಬೋಸ್ ಎಂಬ ಮಾತ್ರೆಯ ದಾರಿಯೂ ಇದೇ. ಹದಿನೈದು ವರ್ಷದ ಕಾಯಿಲೆಗೆ ಬೇಕಾದ ಮಾತ್ರೆಗಳ ಕೆಲಸವನ್ನೆಲ್ಲ ಇದೊಂದೇ ಮಾಡಲಾರದು. ಈ ಮಾತು ಆ ವಿಡಿಯೊದಲ್ಲಿ ಇದ್ದಿದ್ದರೆ ದೊಡ್ಡಪ್ಪ ಬಹುಶಃ ಮಾತ್ರೆ ಬಿಡುತ್ತಿರಲಿಲ್ಲ. ಜೊತೆಗೆ, ಬೇರು ಬೇಕೆಂದರೆ ಬಳ್ಳಿಯನ್ನೇ ಅಗೆಯಬೇಕು. ನಮ್ಮ ಸೊಪ್ಪಿನ ಬೆಟ್ಟದ ಮೂಲೆಯಲ್ಲಿ ಇದ್ದ ಒಂದೇ ಏಕನಾಯಕ ಆ ವರ್ಷ ಹೋಯಿತು. ಅಲ್ಲಿ ಈಗ ಕುಣಿ ಮಾತ್ರ ಇದೆ.

ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣವಾಗುತ್ತದೆ ಎಂದು ಜಾಹೀರಾತು ಕೊಡುವುದು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಂತೆ ಅಪರಾಧ. ಕಾನೂನು ಹಳೆಯದು, ಗಟ್ಟಿಯೂ ಇದೆ. ಆದರೆ ಚೀಟಿ ಬರೆಯುವ ಹೆಚ್ಚಿನವರು ಮೇಲೆ ‘ಆ್ಯಂಟಿ ಆಕ್ಸಿಡೆಂಟ್’ ಎಂದು ಬರೆದು, ಉಳಿದದ್ದನ್ನು ಬಾಯಲ್ಲಿ ಹೇಳುತ್ತಾರೆ. ಆ ಪದಕ್ಕೆ ಈ ಕಾಯ್ದೆಯ ಅಡ್ಡಿಯಿಲ್ಲ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಚಿಕಿತ್ಸೆಗೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುವ ಪರಿಸ್ಥಿತಿ ಇರುವಾಗ, ಕೈಗೆಟುಕುವ ಬೇರನ್ನು ಜನ ನಂಬುವುದರಲ್ಲಿ ಆಶ್ಚರ್ಯ ಇಲ್ಲ. ಅವರನ್ನು ಬೈಯುವ ಮನಸ್ಸು ನನಗಿಲ್ಲ. ದೂರದ ಆಸ್ಪತ್ರೆ ಮತ್ತು ಹತ್ತಿರದ ಸುಳ್ಳು, ಎರಡೂ ಸೇರಿಯೇ ದೊಡ್ಡಪ್ಪನ ಬೆರಳು ತೆಗೆದವು.

ಮುರುಗಲು ಪಾನಕ ಕುಡಿಯಬೇಡಿ ಎಂದು ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ನಮ್ಮನೆಯಲ್ಲಿ ದಿನಾ ಇರುತ್ತದೆ. ಒಂದೆಲಗದ ತಂಬುಳಿ ಇಲ್ಲದ ಮಳೆಗಾಲ ಇಲ್ಲ. ಒಂದು ಮುಷ್ಟಿ ಎಲೆ, ಸ್ವಲ್ಪ ಜೀರಿಗೆ, ನಾಲ್ಕು ಕಾಳುಮೆಣಸು, ಕಾಯಿತುರಿ ಹಾಕಿ ಬೀಸಿ, ಮಜ್ಜಿಗೆ ಕೂಡಿಸಿ ಒಗ್ಗರಣೆ ಕೊಟ್ಟರೆ ಮೊದಲ ತುತ್ತು ಅದರಲ್ಲೇ. ಸೊಪ್ಪು, ಹಣ್ಣು, ಬೇಳೆ ಹೆಚ್ಚು ತಿನ್ನುವವರಿಗೆ ಹೃದಯದ ಕಾಯಿಲೆ ಕಡಿಮೆ ಎಂಬುದಕ್ಕೆ ಎಷ್ಟೋ ದೇಶಗಳ ಅಧ್ಯಯನಗಳಿವೆ. ಆ ಲಾಭ ಇಡೀ ಊಟದ್ದು. ನಾರು, ಪೊಟ್ಯಾಶಿಯಂ, ನೂರಾರು ಬಗೆಯ ಸಣ್ಣಪುಟ್ಟ ವಸ್ತುಗಳು ಸೇರಿ ಕೊಡುವಂಥದ್ದು. ಒಂದು ವಸ್ತುವನ್ನು ಹಿಂಡಿ ಮಾತ್ರೆ ಮಾಡಿದರೆ ಅದು ಜೊತೆಗೆ ಬರುವುದಿಲ್ಲ.

ದೊಡ್ಡಪ್ಪ ಈಗ ಬೆಳಿಗ್ಗೆ ಮಾತ್ರೆ ತಪ್ಪಿಸುವುದಿಲ್ಲ. ಕಳೆದ ಸಲ ತಪಾಸಣೆಗೆ ಹೋಗುವಾಗ ಉಳಿದಿದ್ದ ಏಕನಾಯಕನ ಬೇರಿನ ತುಂಡನ್ನು ಕಾಗದದಲ್ಲಿ ಸುತ್ತಿ ಅಂಗಿ ಕಿಸೆಯಲ್ಲಿ ಇಟ್ಟುಕೊಂಡಿದ್ದರು. ಡಾಕ್ಟರ ಮೇಜಿನ ಮೇಲೆ ಬಿಚ್ಚಿಟ್ಟು, “ಇದನ್ನ ಊಟದ ಜೊತೆ ಸ್ವಲ್ಪ ತಗಂಡ್ರೆ ಅಡ್ಡಿ ಇಲ್ವಾ?” ಎಂದು ಕೇಳಿದರು. ಡಾಕ್ಟರು ಬೇರನ್ನು ತಿರುಗಿಸಿ ನೋಡಿದರು. “ಸ್ವಲ್ಪ ಅಂದ್ರೆ ಎಷ್ಟು?” ಎಂದರು. ದೊಡ್ಡಪ್ಪ ಹೆಬ್ಬೆರಳು ತೋರಿಸಿದರು. ಡಾಕ್ಟರು ನಕ್ಕು, ಮಾತ್ರೆಯ ಪಟ್ಟಿಯ ಕೆಳಗೆ ಆ ಬೇರಿನ ಹೆಸರನ್ನೂ ಬರೆದುಕೊಂಡು, ಎರಡು ವಾರ ಬಿಟ್ಟು ಮತ್ತೆ ರಕ್ತ ಕೊಡಲು ಬರಹೇಳಿದರು.